ಬ್ಲೂಸ್ ಮನೋಧರ್ಮ ಕಲಿಸುವಾಗ ಸ್ಕೇಲ್‌ನಿಂದ ಆರಂಭಿಸಬೇಕೇ?

ಸ್ಕೇಲ್‌ಗಿಂತ, ಅಂದರೆ ಸ್ವರಶ್ರೇಣಿಗಿಂತ, ಮೊದಲು ಹಾಡನ್ನು ಕಲಿಸಿ. ಆಫ್ರಿಕನ್-ಅಮೆರಿಕನ್ ಸಂಗೀತ ಪ್ರಕಾರವಾದ ಬ್ಲೂಸ್‌ನ 12 ಬಾರ್‌ಗಳ (ಬಾರ್ ಎಂದರೆ ಸಾಮಾನ್ಯವಾಗಿ ನಾಲ್ಕು ಎಣಿಕೆಗಳ ತಾಳದ ಘಟಕ) ಆವರ್ತದಲ್ಲಿ ಸಾಮಾನ್ಯವಾಗಿ ಮೂರು ಸಾಲುಗಳಿದ್ದು, ಮೊದಲ ಸಾಲೇ ಎರಡನೆಯದಾಗಿ ಮರುಕಳಿಸಿ, ಮೂರನೆಯದು ಅದಕ್ಕೆ ಉತ್ತರ ಕೊಡುತ್ತದೆ. ನಾಲ್ಕು ಬಾರ್‌ಗಳ ಪ್ರತಿ ಸಾಲಿನಲ್ಲೂ ಹಾಡುಗಾರಿಕೆ ಸುಮಾರು ಎರಡು ಬಾರ್‌ಗಳಲ್ಲಿ ಮುಗಿದು, ಉಳಿದ ಜಾಗ ವಾದ್ಯದ ಮರುನುಡಿಗೆ ಸಿಗುತ್ತದೆ, ಬ್ಲೂಸ್ ಗಾಯಕ ಹಾಗೂ ಗಿಟಾರ್ ವಾದಕ ಬಿ.ಬಿ. ಕಿಂಗ್ ಹಾಡಿ ನಿಲ್ಲಿಸಿದಲ್ಲಿ ಅವರ ಗಿಟಾರ್ ಮಾತನಾಡುತ್ತಿದ್ದುದು ಹೀಗೆಯೇ. ಎ ಶ್ರುತಿಯಲ್ಲಿ ಒಬ್ಬ ವಿದ್ಯಾರ್ಥಿ ಸಾಲು ಹಾಡಲಿ, ಇನ್ನೊಬ್ಬ ಎ, ಸಿ, ಡಿ ಎಂಬ ಮೂರೇ ಸ್ವರಗಳಲ್ಲಿ ಉತ್ತರಿಸಲಿ. ಆಮೇಲೆ ಸಿ ಸ್ವರದ ತಂತಿಯನ್ನು ತುಸುವೇ ಎಳೆದು, ಸಿ ಮತ್ತು ಅದರ ಮೇಲಿನ ಅರ್ಧಸ್ವರವಾದ ಸಿ ಶಾರ್ಪ್‌ಗಳ ನಡುವೆ ನಿಲ್ಲಿಸುವುದನ್ನು ತೋರಿಸಿ. ಗಮಕ ಕೇಳಿ ಬೆಳೆದ ಕಿವಿಗೆ ಈ ನಡುವಿನ ಸ್ವರ ಅಪರಿಚಿತವೆನಿಸದು. ವೇದಿಕೆಯಲ್ಲಿ ಆರಂಭದ ವಿದ್ಯಾರ್ಥಿಗಳಿಗೆ ಒಂದೊಂದೇ ಆವರ್ತ ಸಾಕು.