ತೂಕ ಇಳಿಸೋ ಆಪರೇಷನ್ ಆದ್ಮೇಲೆ ಮೊದಲಿನ ತರ ಊಟ ಮಾಡಕ್ಕಾಗುತ್ತಾ?

ಮೊದಲಿನಷ್ಟು ಆಗಲ್ಲ, ಆದ್ರೆ ಮನೆ ಊಟನೇ ಮಾಡ್ಬಹುದು. ಇದರಲ್ಲೇ ಒಂದು ಬಗೆಯಾದ ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿನೇ ತೆಗೆದುಬಿಡ್ತಾರೆ, ಉಳಿಯೋದು ಬಾಳೆಹಣ್ಣಿನ ಆಕಾರದ ಚೀಲ. ಆಪರೇಷನ್ನಿಗೆ ಮುಂಚೆ ಎರಡು ವಾರ ಅನ್ನ ಸಕ್ಕರೆ ಎಲ್ಲ ಬಿಡಿಸ್ತಾರಲ್ಲ, ಅದು ಸುಮ್ನೆ ಅಲ್ಲ, ಲಿವರ್ ಕೊಬ್ಬು ಇಳಿದು ಚಿಕ್ಕದಾದ್ರೆ ಡಾಕ್ಟರಿಗೆ ಒಳಗೆ ಕೈ ಆಡಿಸೋಕೆ ಜಾಗ ಸಿಗುತ್ತೆ.

ಆದ್ಮೇಲೆ ಮೊದಲು ಬೇಳೆಕಟ್ಟು ನೀರುಮಜ್ಜಿಗೆ ತರದ್ದು, ಆಮೇಲೆ ರುಬ್ಬಿದ್ದು, ಮೆತ್ತಗಿನದು, ಹೀಗೆ ಗಟ್ಟಿ ಊಟಕ್ಕೆ ಬರೋಕೆ ಒಂದೂವರೆ ಎರಡು ತಿಂಗಳೇ ಬೇಕು. ನಿಜವಾದ ಕಷ್ಟ ಆಮೇಲೆ ಶುರು, ನಮ್ಮ ತಟ್ಟೇಲಿ ಅನ್ನನೇ ಜಾಸ್ತಿ ಅಲ್ವಾ, ಆದ್ರೆ ದಿನಕ್ಕೆ 60 ಗ್ರಾಂ ಆದ್ರೂ ಪ್ರೋಟೀನ್ ಬೇಕು, ಹಾಗಾಗಿ ಮೊಟ್ಟೆ ಪನೀರ್ ಕಾಳು ಮೊದಲು ತಿಂದು ಜಾಗ ಉಳಿದ್ರೆ ಅನ್ನ. ಪ್ರತಿ ತುತ್ತೂ ಚೆನ್ನಾಗಿ ಅಗೀಬೇಕು (ಮುದ್ದೆ ನುಂಗಿ ಬೆಳೆದೋರಿಗೆ ಇದೇ ದೊಡ್ಡ ಶಿಕ್ಷೆ), ಊಟದ ಜೊತೆ ನೀರು ಕುಡಿಯಂಗಿಲ್ಲ, ಅರ್ಧ ಗಂಟೆ ಬಿಟ್ಟು ಕುಡೀಬೇಕು.

ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರಬಹುದು, ಗಾಬರಿ ಬೇಡ, ಸಾಮಾನ್ಯವಾಗಿ ವಾಪಸ್ ಬರುತ್ತೆ. ವಿಟಮಿನ್ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಮಾತ್ರ ಜೀವನಪೂರ್ತಿ. ಮತ್ತೆ ಮದುವೆ ಮನೇಲಿ "ಇನ್ನೊಂದೇ ಒಂದು ಹೋಳಿಗೆ" ಅನ್ನೋರಿಗೆ ಬೇಡ ಅನ್ನೋದನ್ನ ಈಗಿಂದಾನೇ ರೂಢಿ ಮಾಡ್ಕೊಳ್ಳಿ.