ಪರದೇಶದಲ್ಲಿ ದುಡ್ಡು ಜೋಪಾನ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ರಜೆ ಹತ್ತಿರವಾದಂತೆ ಬ್ಯಾಂಕಾಕ್, ಬಾಲಿ, ವಿಯೆಟ್ನಾಂ ಪ್ರವಾಸದ ಬಗ್ಗೆ ಪತ್ರಗಳು ಹೆಚ್ಚಾಗಿವೆ. ಅವುಗಳಲ್ಲಿ ದುಡ್ಡಿಗೆ ಸಂಬಂಧಿಸಿದವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಅಪ್ಪ-ಅಮ್ಮನ ಜೊತೆ ಥಾಯ್ಲೆಂಡ್‌ಗೆ ಹೊರಟಿದ್ದೇವೆ. ಟ್ರಾವೆಲ್ ಏಜೆಂಟ್ 'ಎಲ್ಲಾ ಡಾಲರ್ ನೋಟಲ್ಲೇ ತಗೊಳ್ಳಿ, ನಾನೇ ಕೊಡಿಸ್ತೀನಿ' ಅನ್ನುತ್ತಿದ್ದಾರೆ. ಕಾರ್ಡ್ ಒಯ್ಯುವುದು ಬೇಡವೇ? (ದಾವಣಗೆರೆ)

ಮೊದಲು ಏಜೆಂಟರ ಮಾತಿಗೆ ಬರೋಣ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವವರು ಮಾತ್ರ ಡಾಲರ್ ಮಾರಬಹುದು. ಅಂಥವರು ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಕೇಳುತ್ತಾರೆ, ಬಿಲ್ ಕೊಡುತ್ತಾರೆ. ಮೊತ್ತ ₹50,000 ದಾಟಿದರೆ ನಗದು ರೂಪಾಯಿ ಮುಟ್ಟುವುದಿಲ್ಲ, ಚೆಕ್ಕನ್ನೋ ಬ್ಯಾಂಕ್ ವರ್ಗಾವಣೆಯನ್ನೋ ಕೇಳುತ್ತಾರೆ. ಬಿಲ್ ಇಲ್ಲದೆ ಕವರಿನಲ್ಲಿ ನೋಟು ಕೊಡುವವರಿಂದ ಕೊಳ್ಳಬೇಡಿ. ನಕಲಿ ನೋಟು ಬಂದರೆ ಹೋಗಿ ಕೇಳಲು ನಿಮ್ಮ ಹತ್ತಿರ ಚೀಟಿಯೂ ಇರುವುದಿಲ್ಲ.

ಒಬ್ಬರು ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ನೋಟಿನ ರೂಪದಲ್ಲಿ ಒಯ್ಯಬಹುದು. ಆದರೆ ಅಷ್ಟು ಬೇಕಾಗುವುದಿಲ್ಲ. ಖರ್ಚಿನ ಮೂರನೇ ಒಂದು ಭಾಗ ನಗದಾಗಿರಲಿ, ಉಳಿದದ್ದು ಫಾರೆಕ್ಸ್ ಕಾರ್ಡ್‌ನಲ್ಲಿರಲಿ (ವಿದೇಶಿ ದುಡ್ಡನ್ನು ಮೊದಲೇ ತುಂಬಿಸಿಕೊಳ್ಳುವ ಕಾರ್ಡ್). ಅದರ ಜೊತೆಗೆ ಬೇರೆ ಬ್ಯಾಂಕಿನ ಒಂದು ಡೆಬಿಟ್ ಕಾರ್ಡ್ ಇನ್ನೊಬ್ಬರ ಚೀಲದಲ್ಲಿರಲಿ. ಒಂದೇ ಪರ್ಸಿನಲ್ಲಿ ಎಲ್ಲವನ್ನೂ ತುರುಕಿದರೆ ಹೋದಾಗ ಎಲ್ಲವೂ ಒಟ್ಟಿಗೇ ಹೋಗುತ್ತದೆ.

ಕಾರ್ಡ್‌ಗೆ ಥಾಯ್ ಬಾತ್ ಅನ್ನೇ ತುಂಬಿಸಿಕೊಳ್ಳಿ. ಡಾಲರ್ ತುಂಬಿ ಬಾತ್‌ನಲ್ಲಿ ಖರ್ಚು ಮಾಡಿದರೆ ಪ್ರತಿ ಸಲವೂ ಕರೆನ್ಸಿ ಬದಲಾವಣೆಯ ಶುಲ್ಕ ಬೀಳುತ್ತದೆ. ವಿಯೆಟ್ನಾಂ, ಇಂಡೊನೇಷ್ಯಾಗಳ ಕರೆನ್ಸಿ ನಮ್ಮ ಬಹುತೇಕ ಫಾರೆಕ್ಸ್ ಕಾರ್ಡ್‌ಗಳಲ್ಲಿ ಸಿಗುವುದಿಲ್ಲ, ಅಲ್ಲಿಗೆ ಡಾಲರ್ ನೋಟೇ ವಾಸಿ. ನೋಟು ಕೊಳ್ಳುವಾಗ 100 ಡಾಲರಿನ ಹೊಸ ನೋಟು ಕೇಳಿ. ಸಣ್ಣ ನೋಟಿಗೆ ಅಲ್ಲಿ ಕಡಿಮೆ ರೇಟು. ಪೆನ್ನಿನ ಗೀಟು, ಮುದ್ರೆಯ ಗುರುತು, ಅಂಚಿನಲ್ಲಿ ಒಂದಿಷ್ಟು ಹರಿದಿದ್ದರೂ ಕೌಂಟರಿನವರು ಪಕ್ಕಕ್ಕೆ ಸರಿಸುತ್ತಾರೆ. ಕೌಂಟರ್ ಬಿಡುವ ಮೊದಲೇ ಒಂದೊಂದನ್ನೂ ತಿರುಗಿಸಿ ನೋಡಿ.

ಇನ್ನೊಂದು ಮಾತು. 2020ರ ಅಕ್ಟೋಬರ್‌ನಿಂದ ಹೊಸ ಬ್ಯಾಂಕ್ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಬಂದ್ ಆಗಿಯೇ ಬರುತ್ತದೆ. ಆ್ಯಪ್‌ನಲ್ಲಿ ನೀವೇ ತೆರೆಯಬೇಕು. ಎಟಿಎಂ, ಅಂಗಡಿ, ಆನ್‌ಲೈನ್ ಮೂರಕ್ಕೂ ಬೇರೆ ಬೇರೆ ಸ್ವಿಚ್ ಇರುತ್ತದೆ. ಎಟಿಎಂ ಮತ್ತು ಅಂಗಡಿ ತೆರೆದು, ದಿನದ ಮಿತಿಯನ್ನು ಕಡಿಮೆ ಇಟ್ಟು, ಆನ್‌ಲೈನ್ ಅನ್ನು ಮುಚ್ಚಿಯೇ ಇಡಿ. ಕಾರಣ ಮುಂದೆ ಹೇಳಿದ್ದೇವೆ.

ಪ್ರಶ್ನೆ: ಅಲ್ಲಿನ ಎಟಿಎಂ 'ರೂಪಾಯಿಯಲ್ಲಿ ಇಷ್ಟು ಕಡಿತವಾಗುತ್ತದೆ, ಒಪ್ಪಿಗೆಯೇ' ಎಂದು ಕೇಳುತ್ತದಂತೆ. ಮೊತ್ತ ಮೊದಲೇ ಗೊತ್ತಾದರೆ ಒಳ್ಳೆಯದಲ್ಲವೇ? (ಮೈಸೂರು)

ಒಪ್ಪಬೇಡಿ. ಆ ರೇಟು ನಿಮ್ಮ ಬ್ಯಾಂಕಿನದಲ್ಲ, ಎಟಿಎಂ ಇಟ್ಟವರದು. ಅದರಲ್ಲಿ ಅವರ ಲಾಭ ಸೇರಿರುತ್ತದೆ. ಲೆಕ್ಕ ಹಾಕಿ ನೋಡಿ. ಬಾತ್‌ಗೆ ₹2.70 ಎಂದು ಹಿಡಿದರೆ 10,000 ಬಾತ್‌ಗೆ ₹27,000. ನಿಮ್ಮ ಬ್ಯಾಂಕ್ 3.5% ವಿದೇಶಿ ಶುಲ್ಕ, ಅದರ ಮೇಲೆ 18% ಜಿಎಸ್‌ಟಿ ಹಾಕಿದರೂ ಖಾತೆಯಿಂದ ಹೋಗುವುದು ಸುಮಾರು ₹28,115. ಎಟಿಎಂ ತನ್ನ ರೇಟಿನಲ್ಲಿ 7% ಏರಿಸಿದ್ದರೆ ₹28,890. ಇಷ್ಟಕ್ಕೇ ಮುಗಿಯದು. ರೂಪಾಯಿಯಲ್ಲೇ ಆದ ವಿದೇಶಿ ವ್ಯವಹಾರಕ್ಕೂ ನಮ್ಮ ಕೆಲವು ಬ್ಯಾಂಕುಗಳು ಪ್ರತ್ಯೇಕ ಶುಲ್ಕ ಹಾಕುತ್ತವೆ.

ಪರದೆಯ ಮೇಲೆ 'ವಿತ್ ಕನ್ವರ್ಷನ್' ಗುಂಡಿ ದೊಡ್ಡದಾಗಿ, ಹಸಿರಾಗಿ ಕಾಣಬಹುದು. 'ವಿತೌಟ್ ಕನ್ವರ್ಷನ್' ಅಥವಾ 'ಡಿಕ್ಲೈನ್' ಮೂಲೆಯಲ್ಲಿರುತ್ತದೆ. ಡಿಕ್ಲೈನ್ ಒತ್ತಿದರೆ ವ್ಯವಹಾರವೇ ರದ್ದಾಗುತ್ತದೆ ಎಂದು ಹೆದರಿ ಹೆಚ್ಚಿನವರು ಹಸಿರನ್ನು ಒತ್ತಿಬಿಡುತ್ತಾರೆ. ರದ್ದಾಗುವುದಿಲ್ಲ, ಬಾತ್ ಲೆಕ್ಕದಲ್ಲಿ ದುಡ್ಡು ಬರುತ್ತದೆ. ಅಂಗಡಿಯಲ್ಲೂ ಇದೇ ಕಥೆ. ಅಲ್ಲಿ ಕೆಲವೊಮ್ಮೆ ಕ್ಯಾಷಿಯರೇ ನಿಮ್ಮನ್ನು ಕೇಳದೆ ರೂಪಾಯಿ ಆರಿಸಿರುತ್ತಾನೆ. ಪಿನ್ ಒತ್ತುವ ಮುಂಚೆ ಯಂತ್ರದ ಪರದೆ ನೋಡಿ. ಐಎನ್‌ಆರ್ (ಅಂದರೆ ರೂಪಾಯಿ) ಎಂದಿದ್ದರೆ ರದ್ದು ಮಾಡಿಸಿ ಮತ್ತೆ ಹಾಕಿಸಿ.

ಥಾಯ್ಲೆಂಡ್‌ನ ಎಟಿಎಂಗಳು ವಿದೇಶಿ ಕಾರ್ಡ್‌ಗೆ ಪ್ರತಿ ಸಲ 220 ಬಾತ್ ಆಸುಪಾಸು ಶುಲ್ಕ ಹಿಡಿಯುತ್ತವೆ. ಎರಡು ಸಾವಿರದಂತೆ ಐದು ಸಲ ತೆಗೆಯುವ ಬದಲು ಒಂದೇ ಸಲ ತೆಗೆಯಿರಿ. ಬ್ಯಾಂಕ್ ಶಾಖೆಯ ಒಳಗಿರುವ ಎಟಿಎಂಗೆ, ಶಾಖೆ ತೆರೆದಿರುವ ಹೊತ್ತಿನಲ್ಲಿ ಹೋಗಿ. ಕಾರ್ಡ್ ಸಿಕ್ಕಿಹಾಕಿಕೊಂಡರೆ ಒಳಗೆ ಕೇಳಬಹುದು. ಆಗ 'ನಾನು ಸಹಾಯ ಮಾಡ್ತೀನಿ, ಪಿನ್ ಇನ್ನೊಮ್ಮೆ ಒತ್ತಿ' ಎಂದು ಬರುವವನು ಕಾರ್ಡ್ ಸಿಕ್ಕಿಸಿದವನೇ ಆಗಿರಬಹುದು. ಕ್ರೆಡಿಟ್ ಕಾರ್ಡ್‌ನಿಂದ ಮಾತ್ರ ನಗದು ತೆಗೆಯಲೇಬೇಡಿ, ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ.

ಪ್ರಶ್ನೆ: ಬಾಲಿಯಲ್ಲಿ ಡಾಲರ್ ಬದಲಿಸುವಾಗ ಕಣ್ಣೆದುರೇ ಎಣಿಸಿ ಕೊಟ್ಟರೂ ಹೋಟೆಲ್‌ಗೆ ಬಂದಾಗ ಕಡಿಮೆ ಇರುತ್ತದಂತೆ. ಅದು ಹೇಗೆ? (ಉಡುಪಿ)

ಕೈಚಳಕ, ಅಷ್ಟೇ. ಕೂಟಾ, ಸೆಮಿನ್ಯಾಕ್ ಬೀದಿಗಳಲ್ಲಿ ಬಟ್ಟೆ ಅಂಗಡಿಯ ಮೂಲೆಯಲ್ಲೊಂದು ಮೇಜು, ಹೊರಗೆ ಎಲ್ಲರಿಗಿಂತ ಹೆಚ್ಚಿನ ರೇಟಿನ ಬೋರ್ಡು. ಮೂಗಿಗೆ ತುಪ್ಪ ಸವರುವುದು ಅಲ್ಲಿಂದಲೇ ಶುರು. ಡಾಲರ್‌ಗೆ 16,000 ರುಪಿಯಾ ಎಂದುಕೊಂಡರೆ 100 ಡಾಲರ್‌ಗೆ 16 ಲಕ್ಷ. ಒಂದು ಲಕ್ಷದ ನೋಟಾದರೆ 16 ಸಾಕು. ಅವನು ಬೇಕೆಂದೇ 20,000ದ 80 ನೋಟು ತೆಗೆಯುತ್ತಾನೆ. ಸಣ್ಣ ಸಣ್ಣ ಗುಡ್ಡೆ ಮಾಡಿ ಎಣಿಸುತ್ತಾನೆ. ನೀವು ಎಣಿಸಿದಾಗ ಒಂದು ನೋಟು ಕಡಿಮೆ ಬರುತ್ತದೆ. 'ಓ, ಸಾರಿ' ಎಂದು ಒಂದು ನೋಟು ಸೇರಿಸಿ, ಎಲ್ಲವನ್ನೂ ವಾಪಸ್ ಎಳೆದುಕೊಂಡು ಅಂಚು ಸರಿಮಾಡಿ ಕೊಡುತ್ತಾನೆ. ಆ ಎಳೆದುಕೊಂಡ ಗಳಿಗೆಯಲ್ಲೇ ಐದಾರು ನೋಟು ಮೇಜಿನ ಹಿಂದಕ್ಕೆ ಬಿದ್ದಿರುತ್ತವೆ. ಆಗಲೇ ಎಣಿಸಿ ಸರಿಯಾಯಿತಲ್ಲ ಎಂದು ನೀವು ಮತ್ತೆ ಎಣಿಸುವುದಿಲ್ಲ.

ಹಾಗಾಗಿ ನೋಟನ್ನು ಕೊನೆಯದಾಗಿ ಮುಟ್ಟಿದ ಕೈ ನಿಮ್ಮದೇ ಆಗಿರಬೇಕು. ನೀವು ಎಣಿಸಿದ ಮೇಲೆ ಅವನು ಮತ್ತೆ ಮುಟ್ಟಿದರೆ ಮೊದಲಿನಿಂದ ಎಣಿಸಿ. ಪೂರ್ತಿ ಲೆಕ್ಕ ಸಿಗುವವರೆಗೆ ನಿಮ್ಮ ಡಾಲರ್ ಕೈ ಬಿಡಬೇಡಿ. ದೊಡ್ಡ ನೋಟು ಕೊಡಲ್ಲ ಅಂದರೆ, ಕೊನೆಗೆ 'ಕಮಿಷನ್' ತೆಗೆದರೆ ಡಾಲರ್ ಎತ್ತಿಕೊಂಡು ಹೊರಬನ್ನಿ. ಜಗಳ ಬೇಡ. ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಇಂಡೊನೇಷ್ಯಾದ ಪರವಾನಗಿ ಫಲಕವಿರುವ, ಗಾಜಿನ ಕೌಂಟರಿನಲ್ಲಿ ಯಂತ್ರದಿಂದ ಎಣಿಸಿ ರಸೀದಿ ಕೊಡುವ ಕಡೆ ರೇಟು ತುಸು ಕಡಿಮೆ ಇರಬಹುದು, ಆದರೆ ಕೈಗೆ ಬರುವುದು ಪೂರ್ತಿ.

ಪ್ರಶ್ನೆ: ವಿಯೆಟ್ನಾಂ ನೋಟುಗಳಲ್ಲಿ ಸೊನ್ನೆಗಳ ಗೊಂದಲ ಎನ್ನುತ್ತಾರೆ. (ಹುಬ್ಬಳ್ಳಿ)

ಬಣ್ಣದ ಗೊಂದಲ ಅದಕ್ಕಿಂತ ದೊಡ್ಡದು. 20,000 ಡಾಂಗ್, 5,00,000 ಡಾಂಗ್ ಎರಡೂ ನೀಲಿ. ಕತ್ತಲಲ್ಲಿ ಟ್ಯಾಕ್ಸಿಯವನಿಗೆ ಐದು ಲಕ್ಷ ಕೊಟ್ಟರೆ ಅವನು ಇಪ್ಪತ್ತು ಸಾವಿರ ತೋರಿಸಿ 'ನೀವು ಕೊಟ್ಟದ್ದು ಇದು' ಅನ್ನಬಹುದು. ಐದು ಲಕ್ಷದ ನೋಟುಗಳನ್ನು ಬೇರೆ ಜೇಬಿನಲ್ಲಿಡಿ, ಕೊಡುವಾಗ ಮೊತ್ತ ಬಾಯಿಬಿಟ್ಟು ಹೇಳಿ. ಗ್ರ್ಯಾಬ್ ಆ್ಯಪ್‌ನಲ್ಲಿ ಗಾಡಿ ಕರೆದರೆ ಬಾಡಿಗೆ ಮೊದಲೇ ಕಾಣುತ್ತದೆ.

ಪ್ರಶ್ನೆ: ಪಟ್ಟಾಯದಲ್ಲಿ ಜೆಟ್ ಸ್ಕೀ, ಸ್ಕೂಟರ್ ಬಾಡಿಗೆಗೆ ಪಾಸ್‌ಪೋರ್ಟ್ ಒತ್ತೆ ಕೇಳುತ್ತಾರಂತೆ. ಕೊಡಬಹುದೇ? (ಬೆಳಗಾವಿ)

ಕೊಡಬೇಡಿ. ಜೆಟ್ ಸ್ಕೀ ವಾಪಸ್ ತಂದಾಗ ತಳದಲ್ಲಿದ್ದ ಹಳೆಯ ಗೀರನ್ನು ತೋರಿಸಿ ಸಾವಿರಾರು ಬಾತ್ ಕೇಳುವುದು ಅಲ್ಲಿನ ಹಳೇ ವರಸೆ. ಪಾಸ್‌ಪೋರ್ಟ್ ಅವನ ಕೈಯಲ್ಲಿದ್ದರೆ ವಾದಿಸಲು ನಿಮಗೆ ದಾರಿಯಿಲ್ಲ. ಹತ್ತುವ ಮೊದಲು ತಳವೂ ಸೇರಿದಂತೆ ಸುತ್ತಲೂ ವಿಡಿಯೊ ಮಾಡಿ, ಬಾಡಿಗೆಯವನ ಮುಖವೂ ಅದರಲ್ಲಿ ಬರಲಿ. ತಕರಾರಾದರೆ 1155ಕ್ಕೆ ಕರೆ ಮಾಡಿ. ಅದು ಪ್ರವಾಸಿ ಪೊಲೀಸರ ಸಂಖ್ಯೆ, ಇಂಗ್ಲಿಷ್ ನಡೆಯುತ್ತದೆ. ಸ್ಕೂಟರ್‌ಗೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಬೇಕು, ಅದರಲ್ಲಿ ದ್ವಿಚಕ್ರದ ಮುದ್ರೆ ಇರಬೇಕು. ಇಲ್ಲದಿದ್ದರೆ ಬಿದ್ದು ಆಸ್ಪತ್ರೆ ಸೇರಿದಾಗ ಪ್ರಯಾಣ ವಿಮೆಯವರು ಕೈಯೆತ್ತುತ್ತಾರೆ.

ಬ್ಯಾಂಕಾಕ್‌ನಲ್ಲಿ 'ಗ್ರ್ಯಾಂಡ್ ಪ್ಯಾಲೇಸ್ ಇವತ್ತು ಮುಚ್ಚಿದೆ, 20 ಬಾತ್‌ಗೆ ಊರು ತೋರಿಸ್ತೀನಿ' ಎನ್ನುವ ಟುಕ್‌ಟುಕ್‌ನವನ ದಾರಿ ರತ್ನದಂಗಡಿಗೆ. ನೇರ ಅರಮನೆಯ ಟಿಕೆಟ್ ಕೌಂಟರಿಗೇ ಹೋಗಿ ನೋಡಿ.

ಪ್ರಶ್ನೆ: ಥಾಯ್ಲೆಂಡ್ ಆಗಮನ ಕಾರ್ಡ್‌ಗೆ (ದೇಶದೊಳಗೆ ಹೋಗುವ ಮುನ್ನ ತುಂಬುವ ವಿವರದ ಫಾರಂ) ಆನ್‌ಲೈನ್‌ನಲ್ಲಿ ದುಡ್ಡು ಕೇಳಿತು. ಸರಿಯೇ? (ತುಮಕೂರು)

ಅಲ್ಲ. 2025ರ ಮೇ 1ರಿಂದ ಬಂದ ಡಿಜಿಟಲ್ ಆಗಮನ ಕಾರ್ಡ್ ಪೂರ್ತಿ ಉಚಿತ. ಹುಡುಕಿದಾಗ ಮೇಲೆ ಬರುವ ಜಾಹೀರಾತು ತಾಣಗಳು ಅದಕ್ಕೆ ಶುಲ್ಕ ಹಿಡಿಯುತ್ತವೆ, ಜೊತೆಗೆ ನಿಮ್ಮ ಪಾಸ್‌ಪೋರ್ಟ್ ಮತ್ತು ಕಾರ್ಡ್ ವಿವರವೂ ಅವರ ಪಾಲಾಗುತ್ತದೆ. ಅಸಲಿ ತಾಣದ ವಿಳಾಸ 'ಡಾಟ್ ಗೋ ಡಾಟ್ ಟಿಎಚ್' ಎಂದು ಮುಗಿಯುತ್ತದೆ. ಸಿಂಗಪುರ, ಮಲೇಷ್ಯಾಗಳ ಆಗಮನ ಕಾರ್ಡೂ ಉಚಿತವೇ.

ಪ್ರಶ್ನೆ: ಪ್ರವಾಸ ಮುಗಿಸಿ ಬಂದ ಮೇಲೆ ನಮ್ಮ ಕಾರ್ಡ್‌ನಿಂದ ಯಾವುದೋ ವಿದೇಶಿ ತಾಣಕ್ಕೆ ದುಡ್ಡು ಹೋಗಿದೆ. ಒಟಿಪಿಯೇ ಬಂದಿಲ್ಲ. (ಬೆಂಗಳೂರು)

ನಮ್ಮ ದೇಶದ ತಾಣಗಳಲ್ಲಿ ಒಟಿಪಿಯಂಥ ಇನ್ನೊಂದು ಪರಿಶೀಲನೆ ಸಾಮಾನ್ಯವಾಗಿ ಕಡ್ಡಾಯ. ಹೊರಗಿನ ಎಷ್ಟೋ ತಾಣಗಳು ಕಾರ್ಡ್ ಸಂಖ್ಯೆ, ಅವಧಿ, ಹಿಂಬದಿಯ ಮೂರಂಕಿ ಇದ್ದರೆ ಸಾಕು ಎನ್ನುತ್ತವೆ. ಹೋಟೆಲ್‌ನಲ್ಲಿ ಕಾರ್ಡ್ ಒಳಗೆ ಒಯ್ದು ಫೋಟೊ ತೆಗೆದರೆ ಮುಗಿಯಿತು. ಆನ್‌ಲೈನ್ ವಿದೇಶಿ ಬಳಕೆ ಮುಚ್ಚಿಡಿ ಎಂದದ್ದು ಇದಕ್ಕೇ.

ಈಗ ಮಾಡಬೇಕಾದ್ದು: ಆ್ಯಪ್‌ನಲ್ಲಿ ಕಾರ್ಡ್ ತಡೆಹಿಡಿಯಿರಿ, ಬ್ಯಾಂಕಿಗೆ ದೂರು ಕೊಟ್ಟು ಸಂಖ್ಯೆ ಬರೆದುಕೊಳ್ಳಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ನಿಮ್ಮ ತಪ್ಪಿಲ್ಲದೆ ಹೊರಗಿನವರಿಂದ ಆದ ವಂಚನೆಯನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗೆ ನಿಮ್ಮ ಪಾಲು ಇರುತ್ತದೆ. ಪಿನ್ ನೀವೇ ಹೇಳಿದ್ದರೆ, ದೂರು ಕೊಡುವವರೆಗಿನ ನಷ್ಟ ಪೂರ್ತಿ ನಿಮ್ಮದು.

ಹೊರಡುವವರಿಗೊಂದು ಸೂಚನೆ: ಬ್ಯಾಂಕಿನ 1800 ಸಂಖ್ಯೆಗಳು ಸಾಮಾನ್ಯವಾಗಿ ಹೊರದೇಶದಿಂದ ತಾಗುವುದಿಲ್ಲ. +91ರಿಂದ ಶುರುವಾಗುವ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿ. ಊರಿನ ಸಿಮ್‌ಗೆ ರೋಮಿಂಗ್ ಹಾಕಿಸಿ ಫೋನಿನಲ್ಲೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬ್ಯಾಂಕಿನ ಸಂದೇಶವೇ ಬರುವುದಿಲ್ಲ.

ಪ್ರಶ್ನೆ: ಉಳಿದ ಬಾತ್, ಡಾಲರ್ ಏನು ಮಾಡುವುದು? (ಶಿವಮೊಗ್ಗ)

2,000 ಡಾಲರ್ ಮೌಲ್ಯದವರೆಗೆ ಮುಂದಿನ ಪ್ರವಾಸಕ್ಕೆ ಮನೆಯಲ್ಲಿಡಬಹುದು. ಅದಕ್ಕಿಂತ ಹೆಚ್ಚಿದ್ದರೆ ವಾಪಸಾದ 180 ದಿನಗಳೊಳಗೆ ಬದಲಿಸಿಕೊಳ್ಳಿ. ಕೊಂಡಾಗಿನ ಬಿಲ್ ಜೊತೆಗಿರಲಿ. ಫಾರೆಕ್ಸ್ ಕಾರ್ಡ್‌ನಲ್ಲಿ ಉಳಿದದ್ದನ್ನು ಮರೆತರೆ ಕೆಲವು ಕಂಪನಿಗಳು ಬಳಕೆಯಿಲ್ಲದ ಕಾರ್ಡ್‌ಗೆಂದು ಶುಲ್ಕ ಮುರಿದುಕೊಳ್ಳುತ್ತಾ ಹೋಗುತ್ತವೆ. ನಾಣ್ಯಗಳನ್ನು ಇಲ್ಲಿನ ಕೌಂಟರುಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಅಲ್ಲಿನ ವಿಮಾನ ನಿಲ್ದಾಣದಲ್ಲೇ ನೀರಿಗೋ ಬಿಸ್ಕತ್ತಿಗೋ ಖರ್ಚು ಮಾಡಿಬನ್ನಿ.