ಮೆಡಿಕಲ್ ಬೋರ್ಡಿನ ಆ ಒಂದು ಕಾಲಂ ಓದಿದ್ದೀರಾ?

ಮಾಜಿ ಸೈನಿಕರ ಡಿಸೆಬಿಲಿಟಿ (ವೈಕಲ್ಯ) ಪೆನ್ಶನ್ ಕುರಿತ ಪ್ರಶ್ನೆಗಳಿಗೆ ಧಾರವಾಡದ ವಕೀಲರೊಬ್ಬರ ಉತ್ತರ

ಪ್ರಶ್ನೆ: ವಕೀಲ್ ಸಾಹೇಬರಿಗೆ ನಮಸ್ಕಾರ. ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ 24 ವರ್ಷ ಇದ್ದು 2016ರಲ್ಲಿ ಹವಾಲ್ದಾರ್ ಆಗಿ ನಿವೃತ್ತನಾದೆ. 2009ರಲ್ಲಿ ಕಾಶ್ಮೀರದ ಕುಪ್ವಾರಾದಲ್ಲಿದ್ದಾಗ ಬಿ.ಪಿ. ಶುರುವಾಯಿತು. ಮನೆಗೆ ಬರುವ ಮುಂಚೆ ಮೆಡಿಕಲ್ ಬೋರ್ಡ್ ನೋಡಿ ಜೀವನಪೂರ್ತಿ 30 ಪರ್ಸೆಂಟ್ ವೈಕಲ್ಯ ಅಂತ ಬರೆಯಿತು. ಆದರೆ ಈ ಕಾಯಿಲೆಗೂ ಸೇವೆಗೂ ಸಂಬಂಧ ಇಲ್ಲ ಎಂದು ಡಿಸೆಬಿಲಿಟಿ ಪೆನ್ಶನ್ ಕೊಡಲಿಲ್ಲ. ಆಗ ಪತ್ರ ಬಂದಿತ್ತು, ನಾನು ಅಪೀಲು ಮಾಡಲಿಲ್ಲ. ಈಗ ಹುಬ್ಬಳ್ಳಿಯ ಒಬ್ಬರು ಕೆಲಸ ಮಾಡಿಸಿಕೊಡುತ್ತೇನೆ, ಬಂದ ಹಣದಲ್ಲಿ ಮೂರರಲ್ಲಿ ಒಂದು ಪಾಲು ನನಗೆ, ಬಾಂಡ್ ಮೇಲೆ ಸಹಿ ಮಾಡಿ ಎನ್ನುತ್ತಿದ್ದಾರೆ. ತಡ ಆಯಿತೇ? ಸಹಿ ಮಾಡಲೇ?
– ಮಾಜಿ ಹವಾಲ್ದಾರ್, ರೋಣ ತಾಲ್ಲೂಕು

ಉತ್ತರ: ಹವಾಲ್ದಾರರೆ, ಮೊದಲು ಆ ಬಾಂಡ್ ವಿಷಯ ಮುಗಿಸೋಣ. ಸಹಿ ಮಾಡಬೇಡಿ. ಇನ್ನೂ ಕೈಗೆ ಬಾರದ ಪೆನ್ಶನ್ ಹಣವನ್ನು ಬೇರೆಯವರಿಗೆ ಬರೆದುಕೊಡುವ ಕರಾರು 1871ರ ಪೆನ್ಶನ್ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಊರ್ಜಿತವೇ ಅಲ್ಲ. ಆ ವ್ಯಕ್ತಿ ವಕೀಲರಾಗಿದ್ದರೆ ಇನ್ನೂ ಒಂದು ತಪ್ಪು. ಗೆದ್ದ ಹಣದಲ್ಲಿ ಪಾಲು ಕೇಳಬಾರದು ಎಂದು ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ. ವಕೀಲರು ಫೀ ತೆಗೆದುಕೊಳ್ಳಲಿ, ರಸೀದಿ ಕೊಡಲಿ. ನೀವು ಹಿಮದಲ್ಲಿ ನಿಂತು ದುಡಿದದ್ದರಲ್ಲಿ ಪಾಲು ಬೇಡ. ನಿಮ್ಮ ಡಿಸ್ಚಾರ್ಜ್ ಬುಕ್, ಪಿಪಿಓ (ಪೆನ್ಶನ್ ಪಾವತಿ ಆದೇಶ) ಏನಾದರೂ ಅವರ ಹತ್ತಿರ ಕೊಟ್ಟಿದ್ದರೆ ಇವತ್ತೇ ವಾಪಸ್ ತಗೊಳ್ಳಿ.

ಇನ್ನು ಅಸಲಿ ವಿಷಯ. ನಿಮ್ಮ ಪತ್ರದಲ್ಲಿ ಒಂದು ಸಣ್ಣ ಮಾತು ಇದೆ. ಅದು ಎಷ್ಟು ದೊಡ್ಡದು ಎಂದು ನಿಮಗೇ ಗೊತ್ತಿಲ್ಲ ಅನಿಸುತ್ತದೆ. 'ಕುಪ್ವಾರಾದಲ್ಲಿದ್ದಾಗ ಬಿ.ಪಿ. ಶುರುವಾಯಿತು' ಎಂದಿದ್ದೀರಿ. ಮಿಲಿಟರಿ ಡಾಕ್ಟರರಿಗೆಂದೇ ಒಂದು ಕೈಪಿಡಿ ಇದೆ, ಗೈಡ್ ಟು ಮೆಡಿಕಲ್ ಆಫೀಸರ್ಸ್. ಅದರ 43ನೇ ಪ್ಯಾರಾ ಬಿ.ಪಿ.ಯ ಬಗ್ಗೆಯೇ ಇದೆ. ಫೀಲ್ಡ್ ಏರಿಯಾದಲ್ಲಿ, ಎತ್ತರದ ಪ್ರದೇಶದಲ್ಲಿ, ಉಗ್ರರ ವಿರುದ್ಧದ ಕಾರ್ಯಾಚರಣೆ ನಡೆಯುವ ಕಡೆ ಇದ್ದಾಗ ಬಿ.ಪಿ. ಶುರುವಾದರೆ, ಅದು ಸೇವೆಯಿಂದ ಹೆಚ್ಚಾಯಿತು ಎಂದು ಒಪ್ಪಬೇಕು ಎನ್ನುವುದು ಅದರ ಸಾರ. ಪೀಸ್ ಸ್ಟೇಷನ್ನಿನಲ್ಲಿ, ಅಂದರೆ ಕಾರ್ಯಾಚರಣೆ ಇಲ್ಲದ ಶಾಂತ ಜಾಗದಲ್ಲಿ, ಶುರುವಾದ ಬಿ.ಪಿ.ಗೆ ಈ ಆಸರೆ ಇಲ್ಲ. ಹಾಗಾಗಿ ನಿಮ್ಮ ಕೇಸು ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಮೊದಲ ಸಲ ಬಿ.ಪಿ. ಜಾಸ್ತಿ ಎಂದು ಬರೆದ ದಿನ ನೀವು ಯಾವ ಪೋಸ್ಟಿಂಗ್‌ನಲ್ಲಿ ಇದ್ದಿರಿ?

ಇದಕ್ಕೆ ಉತ್ತರ ನಿಮ್ಮ ನೆನಪಿನಲ್ಲಿದ್ದರೆ ಸಾಲದು, ಕಾಗದದಲ್ಲಿ ಬೇಕು. ಕಾಗದ ಇದೆ. ಬಿಡುಗಡೆಗೆ ಮುಂಚೆ ನಡೆದ ಮೆಡಿಕಲ್ ಬೋರ್ಡಿನ ಫಾರಂನಲ್ಲಿ ನೀವು ಎಲ್ಲೆಲ್ಲಿ ಇದ್ದಿರಿ, ಅದು ಪೀಸೋ ಫೀಲ್ಡೋ ಎಂದು ತೋರಿಸುವ ಪಟ್ಟಿ ಇರುತ್ತದೆ. ಕಾಯಿಲೆ ಯಾವಾಗ, ಎಲ್ಲಿ ಶುರುವಾಯಿತು ಎಂಬ ಕಾಲಂ ಇರುತ್ತದೆ. ಆಮೇಲೆ ಬರುತ್ತದೆ ಆ ಮುಖ್ಯ ಕಾಲಂ. ಕಾಯಿಲೆ ಸೇವೆಯಿಂದ ಬಂತೇ, ಸೇವೆಯಿಂದ ಹೆಚ್ಚಾಯಿತೇ, ಎರಡೂ ಅಲ್ಲ ಎಂದರೆ ಕಾರಣ ಏನು? ಎರಡೂ ಅಲ್ಲ ಎನ್ನುವುದನ್ನೇ ನಮ್ಮ ಫೌಜಿಗಳು ಇಂಗ್ಲಿಷಿನ ಮೊದಲಕ್ಷರ (ನೈದರ್ ಆಟ್ರಿಬ್ಯೂಟಬಲ್ ನಾರ್ ಅಗ್ರವೇಟೆಡ್) ಸೇರಿಸಿ 'ನಾನಾ' ಅನ್ನುತ್ತಾರೆ. ನನ್ನ ಹತ್ತಿರ ಬರುವ ಹೆಚ್ಚಿನವರು ಆ 'ನಾನಾ' ನೋಡಿ ಅಲ್ಲೇ ಕಾಗದ ಮಡಚಿಟ್ಟಿರುತ್ತಾರೆ. ಅದರ ಪಕ್ಕದಲ್ಲಿ ಬರೆದ ಕಾರಣವನ್ನು ಓದಿರುವುದಿಲ್ಲ. ದಯವಿಟ್ಟು ಅದನ್ನು ಓದಿ. ಎಷ್ಟೋ ಫಾರಂಗಳಲ್ಲಿ ಅಲ್ಲಿ ಒಂದು ಸಾಲು ಇರುತ್ತದೆ, 'ಇದು ದೇಹದ ಪ್ರಕೃತಿಯಿಂದ ಬರುವ ಕಾಯಿಲೆ' ಅಂತ. ಅಷ್ಟೇ.

ಅಷ್ಟು ಸಾಲದು ಎಂದು ಹೇಳಿದ್ದು ಸುಪ್ರೀಂ ಕೋರ್ಟ್. 2013ರ ಧರ್ಮವೀರ್ ಸಿಂಗ್ ತೀರ್ಪು ಇದು. ಸೇನೆಯ ಸಿಗ್ನಲ್ಸ್ ದಳಕ್ಕೆ 1985ರಲ್ಲಿ ಸೇರಿದ ಆ ಸೈನಿಕನನ್ನು 1994ರಲ್ಲಿ ಫಿಟ್ಸ್ ಕಾರಣಕ್ಕೆ ಮನೆಗೆ ಕಳಿಸಿದ್ದರು. ಭರ್ತಿಯಾಗುವಾಗ ಕಾಯಿಲೆಯ ಬಗ್ಗೆ ಏನೂ ಬರೆದಿಲ್ಲ ಅಂದರೆ ಆಗ ಅವನು ಗಟ್ಟಿಮುಟ್ಟಾಗಿದ್ದ ಎಂದೇ ತಿಳಿಯಬೇಕು, ಆಮೇಲೆ ಬಂದ ಕಾಯಿಲೆ ಸೇವೆಯದ್ದಲ್ಲ ಎನ್ನುವುದಾದರೆ ಬೋರ್ಡ್ ಸರಿಯಾದ ಕಾರಣ ಬರೆಯಬೇಕು, ಸಂಶಯ ಇದ್ದರೆ ಅದರ ಲಾಭ ಸೈನಿಕನಿಗೆ ಹೋಗಬೇಕು ಎಂದು ಕೋರ್ಟ್ ಹೇಳಿತು. 2015ರ ರಾಜಬೀರ್ ಸಿಂಗ್ ತೀರ್ಪು ಅದನ್ನೇ ಗಟ್ಟಿ ಮಾಡಿತು.

ಹಾಗಂತ ಹೋದವರೆಲ್ಲ ಗೆಲ್ಲುತ್ತಾರೆ ಎಂದು ನಾನು ಹೇಳುವುದಿಲ್ಲ. 2019ರಲ್ಲಿ ನರಸಿಂಗ್ ಯಾದವ್ ಎಂಬ ಮಾಜಿ ಸೈನಿಕರು ಸುಪ್ರೀಂ ಕೋರ್ಟಿನಲ್ಲೇ ಸೋತರು. ಅವರದು ಸ್ಕಿಜೋಫ್ರೇನಿಯಾ. ಭರ್ತಿಯ ದಿನ ಪರೀಕ್ಷೆಯಲ್ಲಿ ಸಿಗದ ಕಾಯಿಲೆಗಳೂ ಇವೆ, ಎಲ್ಲದಕ್ಕೂ ಸೇವೆಯೇ ಕಾರಣ ಅನ್ನಲಾಗದು ಎಂದಿತು ಕೋರ್ಟ್. ಅದಕ್ಕೇ ನಾನು ತೀರ್ಪಿಗಿಂತ ಮೊದಲು ನಿಮ್ಮ ಫೈಲು ಕೇಳುತ್ತೇನೆ. ನಿಮ್ಮ ಫೈಲಿನಲ್ಲಿ ಕುಪ್ವಾರಾ ಇದ್ದರೆ ನಿಮ್ಮದು ಗಟ್ಟಿ ಕೇಸು.

ಫೈಲು ತರಿಸುವುದು ಹೇಗೆ? ನಿಮ್ಮ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸು ಬೆಳಗಾವಿಯಲ್ಲೇ ಇದೆ. ಅಲ್ಲಿನ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬರೆಯಿರಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಹಿಂದಿ ಅಥವಾ ಇಂಗ್ಲಿಷಿನಲ್ಲಿ ಇರಲಿ. ಬಿಡುಗಡೆಯ ಮೆಡಿಕಲ್ ಬೋರ್ಡಿನ ಪೂರ್ತಿ ನಡಾವಳಿ, ಭರ್ತಿಯಾದಾಗಿನ ವೈದ್ಯಕೀಯ ಪರೀಕ್ಷೆಯ ಪ್ರತಿ, 2009ರಲ್ಲಿ ಮೊದಲ ಸಲ ಮೆಡಿಕಲ್ ಕೆಟಗರಿ ಇಳಿಸಿದಾಗಿನ ಬೋರ್ಡಿನ ಪ್ರತಿ, ಪೋಸ್ಟಿಂಗ್ ವಿವರ, ನಿಮಗೆ ಕಳಿಸಿದ ತಿರಸ್ಕಾರದ ಪತ್ರ, ಇಷ್ಟನ್ನೂ ಹೆಸರು ಹಿಡಿದು ಕೇಳಿ. 'ನನ್ನ ಎಲ್ಲಾ ದಾಖಲೆ ಕೊಡಿ' ಎಂದು ಸುಮ್ನೆ ಬರೆದರೆ ಯಾವುದೋ ಎರಡು ಹಾಳೆ ಬರುತ್ತವೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಲ್ಲಿನ ಮೇಲಧಿಕಾರಿಗೆ ಮೊದಲ ಮೇಲ್ಮನವಿ.

ಕಾಗದ ಬಂದ ಮೇಲೆ ಅಪೀಲು. ಪೆನ್ಶನ್ ತಿರಸ್ಕಾರದ ವಿರುದ್ಧ ಮೊದಲ ಅಪೀಲಿಗೆ ಆರು ತಿಂಗಳ ಗಡುವು ಇತ್ತು, ಅದು ಯಾವಾಗಲೋ ದಾಟಿದೆ. ಆದರೂ ತಡಕ್ಕೆ ಕಾರಣ ಹೇಳಿ ರೆಕಾರ್ಡ್ ಆಫೀಸಿನ ಮೂಲಕ ಅಪೀಲು ಹಾಕಿ. ಕಾರಣ ನಿಜವಾಗಿರಲಿ. ಇಂಗ್ಲಿಷ್ ಪತ್ರ ಅರ್ಥವಾಗಲಿಲ್ಲ, ದಾರಿ ಹೇಳುವವರು ಇರಲಿಲ್ಲ ಎಂದು ಬರೆದರೆ ಅದರಲ್ಲಿ ನಾಚಿಕೆ ಏನಿಲ್ಲ. ತಡ ಎಂದು ತಿರಸ್ಕರಿಸಿದರೂ ಕೈಯಲ್ಲಿ ಒಂದು ಆದೇಶ ಇರುತ್ತದೆ. ಆರು ತಿಂಗಳು ಉತ್ತರವೇ ಬರದಿದ್ದರೂ ಮುಂದಿನ ಬಾಗಿಲು ತೆರೆಯುತ್ತದೆ. ಅದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ಬಂದದ್ದು, 2009ರಲ್ಲಿ ಕೆಲಸ ಶುರು ಮಾಡಿತು. ಕರ್ನಾಟಕದವರಿಗೆ ಕೊಚ್ಚಿ ಪೀಠ. ಅಲ್ಲಿಗೆ ಹೋಗಲು ಮತ್ತೆ ಆರು ತಿಂಗಳ ಗಡುವು. ಸರಿಯಾದ ಕಾರಣ ಇದ್ದರೆ ತಡವನ್ನು ಮನ್ನಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ.

'ಧಾರವಾಡದಲ್ಲೇ ಹೈಕೋರ್ಟ್ ಇರುವಾಗ ಕೊಚ್ಚಿಗೆ ಯಾಕ್ರೀ ಹೋಗಬೇಕು?' ಎಂದು ಬಂದವರೆಲ್ಲ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ರೋಣದಿಂದ ಕೊಚ್ಚಿ ಎಷ್ಟು ದೂರ ಎಂದು ಆಳುವವರು ಯೋಚಿಸಬೇಕು. ಆದರೆ ಸದ್ಯಕ್ಕೆ ಮೊದಲ ಮೆಟ್ಟಿಲು ನ್ಯಾಯಮಂಡಳಿಯೇ. ಅಲ್ಲಿ ಸೋತರೆ ಹೈಕೋರ್ಟಿಗೆ ರಿಟ್ ಹಾಕಬಹುದು ಎಂದು 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ನ್ಯಾಯಮಂಡಳಿಯಲ್ಲಿ ವಕೀಲರಿಲ್ಲದೆ ನೀವೇ ವಾದ ಮಾಡಲೂ ಕಾಯ್ದೆ ಬಿಡುತ್ತದೆ. ಆದರೆ ವಕೀಲರನ್ನು ಇಟ್ಟುಕೊಳ್ಳುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ತಡ ಆಯಿತೇ ಎಂದು ಕೇಳಿದ್ದೀರಿ. ಹಕ್ಕು ಸತ್ತಿಲ್ಲ, ಹಣ ಕರಗಿದೆ. ತರ್ಸೇಮ್ ಸಿಂಗ್ ಎಂಬವರು 1983ರಲ್ಲಿ ಸೇನೆಯಿಂದ ಹೊರಬಂದು 1999ರಲ್ಲಿ ಕೋರ್ಟಿಗೆ ಹೋದರು. 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು. ಪೆನ್ಶನ್ ಕೊಡದಿರುವುದು ತಿಂಗಳು ತಿಂಗಳೂ ಆಗುವ ಅನ್ಯಾಯ, ಆದ್ದರಿಂದ ತಡವಾಗಿ ಬಂದರೂ ಕೇಳಬಹುದು. ಆದರೆ ಹಿಂದಿನ ಬಾಕಿ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷದ್ದು ಮಾತ್ರ. ಈ ತೀರ್ಪು ಹಿಡಿದು ಬಾಕಿ ಕತ್ತರಿಸಿದ ಆದೇಶಗಳು ಬಹಳ ಇವೆ. ಅರ್ಜಿಯಲ್ಲಿ ಪೂರ್ತಿ ಬಾಕಿ ಕೇಳಿ, ಮನಸ್ಸಿನಲ್ಲಿ ಮೂರು ವರ್ಷದ್ದನ್ನೇ ಲೆಕ್ಕ ಹಿಡಿಯಿರಿ. ಅಂದರೆ ಇನ್ನು ಮುಂದೆ ನೀವು ಸುಮ್ಮನೆ ಕೂತ ಒಂದೊಂದು ತಿಂಗಳಿಗೂ ಹಿಂದಿನ ಒಂದೊಂದು ತಿಂಗಳು ಕೈಬಿಟ್ಟು ಹೋಗಬಹುದು.

ಎಷ್ಟು ಸಿಗಬಹುದು? ನಿಮ್ಮ ಕೊನೆಯ ಸಂಬಳ 40,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಪೂರ್ತಿ 100 ಪರ್ಸೆಂಟ್ ವೈಕಲ್ಯಕ್ಕೆ ಸಂಬಳದ 30 ಪರ್ಸೆಂಟ್, ಅಂದರೆ 12,000. ನಿಮ್ಮ 30 ಪರ್ಸೆಂಟಿಗೆ 3,600 ಆಗುತ್ತದೆ. ಆದರೆ 2014ರ ಡಿಸೆಂಬರಿನ ರಾಮ್ ಅವತಾರ್ ತೀರ್ಪಿನ ನಂತರ ಅವಧಿ ಮುಗಿಸಿ ನಿವೃತ್ತರಾದವರಿಗೂ 50ಕ್ಕಿಂತ ಕಡಿಮೆ ಇರುವುದನ್ನು 50ಕ್ಕೆ ಏರಿಸಿ ಕೊಡಬೇಕು. ಆಗ 6,000. ಮೇಲೆ ತುಟ್ಟಿಭತ್ಯೆ. ಈಗ ಬರುತ್ತಿರುವ ಪೆನ್ಶನ್ ಮುಟ್ಟದೆ ಇದು ಬೇರೆಯಾಗಿ ಬರುತ್ತದೆ. ಅರ್ಜಿಯಲ್ಲಿ 50ಕ್ಕೆ ಏರಿಸಿ ಕೊಡಿ ಎಂದು ಬಿಡದೆ ಬರೆಯಿರಿ. ಇಲ್ಲಿ ಒಂದು ಎಚ್ಚರಿಕೆ: 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ. ಆ ದಿನದ ನಂತರ ಸೇನೆ ಬಿಟ್ಟವರು ಈ ಲೆಕ್ಕ ಹಿಡಿದು ಕೂರಬಾರದು.

ಪ್ರಶ್ನೆ: ನನ್ನ ಯಜಮಾನರು ಮಿಲಿಟರಿಯಲ್ಲಿ ಎಂಟು ವರ್ಷ ಇದ್ದರು. ಫಿಟ್ಸ್ ಬರುತ್ತದೆ ಎಂದು 2003ರಲ್ಲಿ ಮನೆಗೆ ಕಳಿಸಿದರು. ಪೆನ್ಶನ್ ಕೊಡಲಿಲ್ಲ. ಅವರು ತೀರಿಹೋಗಿ ಎರಡು ವರ್ಷ. ನಾನು ಕೇಳಬಹುದೇ? ವಕೀಲರಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ.
– ಒಬ್ಬ ಅಕ್ಕ, ರಾಣೆಬೆನ್ನೂರು

ಉತ್ತರ: ಕೇಳಬಹುದು ಅಕ್ಕಾರೆ. ಸೈನಿಕನ ಸೇವೆಗೆ ಸಂಬಂಧಿಸಿದ ವಿಷಯದಲ್ಲಿ ಅವನ ವಾರಸುದಾರರೂ ನ್ಯಾಯಮಂಡಳಿಗೆ ಬರಬಹುದು ಎಂದು ಕಾಯ್ದೆಯಲ್ಲೇ ಇದೆ. ಮೇಲೆ ಹೇಳಿದ ಧರ್ಮವೀರ್ ಸಿಂಗ್ ಅವರದೂ ಫಿಟ್ಸ್ ಕೇಸೇ. ಅವರದು ಒಂಬತ್ತು ವರ್ಷದ ಸೇವೆ, 20 ಪರ್ಸೆಂಟ್. ನಿಮ್ಮ ಯಜಮಾನರು ಭರ್ತಿಯಾದಾಗಿನ ಕಾಗದದಲ್ಲಿ ಫಿಟ್ಸ್ ಬಗ್ಗೆ ಏನೂ ಇಲ್ಲದಿದ್ದರೆ ನಿಮ್ಮ ವಾದಕ್ಕೆ ಬಲ ಇದೆ. ಕಾಯಿಲೆಯ ಕಾರಣಕ್ಕೇ ಸೇನೆಯಿಂದ ಕಳಿಸಿದ್ದರೆ ಬೋರ್ಡ್ ಬರೆದ ಪರ್ಸೆಂಟ್ ಕಡಿಮೆ ಇದ್ದರೂ ಎದೆಗುಂದಬೇಡಿ. ಕೆಲಸಕ್ಕೇ ಆಗುವುದಿಲ್ಲ ಎಂದು ಕಳಿಸಿದ ಮೇಲೆ ವೈಕಲ್ಯ 20ಕ್ಕಿಂತ ಜಾಸ್ತಿ ಎಂದೇ ತಿಳಿಯಬೇಕು ಎಂದು 2014ರ ಸುಖ್ವಿಂದರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅವರಿಗೆ ಪೆನ್ಶನ್ ಹಕ್ಕು ಇತ್ತು ಎಂದು ತೀರ್ಮಾನವಾದರೆ ಅವರು ಬದುಕಿದ್ದ ಕಾಲದ ಬಾಕಿ ವಾರಸುದಾರರಿಗೆ ಬರಬೇಕು, ನಿಮಗೆ ಫ್ಯಾಮಿಲಿ ಪೆನ್ಶನ್ನಿನ ದಾರಿ ತೆರೆಯುತ್ತದೆ. ಆ ಬಾಕಿಗೆ ಮೂರು ವರ್ಷದ ಮಿತಿ ಹಾಕಿದರೆ ಎರಡು ವರ್ಷ ಆಗಲೇ ಹೋಗಿದೆ, ಉಳಿದಿರುವುದು ಒಂದು. ಇನ್ನೂ ಒಂದು ಅವಸರ ಇದೆ. ಪೆನ್ಶನ್ ಇಲ್ಲದೆ ಹೋದವರ ಸೇವಾ ದಾಖಲೆಯನ್ನು 25 ವರ್ಷ ಕಳೆದ ಮೇಲೆ ನಾಶ ಮಾಡುವ ಪದ್ಧತಿ ಇದೆ. 2003ಕ್ಕೆ 25 ಸೇರಿಸಿದರೆ 2028. ಅದಕ್ಕೆ ಬೇರೆಲ್ಲ ಬಿಟ್ಟು ಈ ವಾರವೇ ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಅರ್ಜಿ ಹೋಗಲಿ. ಜೊತೆಗೆ ಮರಣ ಪ್ರಮಾಣಪತ್ರ, ನೀವು ಅವರ ಹೆಂಡತಿ ಎನ್ನುವ ದಾಖಲೆ ಇಡಿ. ಅವರ ಆರ್ಮಿ ನಂಬರ್ ಮರೆತಿದ್ದರೆ ಹಳೆಯ ಪತ್ರ, ಮನಿ ಆರ್ಡರ್ ಚೀಟಿ, ಟ್ರಂಕಿನ ಮುಚ್ಚಳ ನೋಡಿ. ಟ್ರಂಕಿನ ಮೇಲೆ ನಂಬರ್ ಬಣ್ಣದಲ್ಲಿ ಬರೆಸಿರುತ್ತಾರೆ.

ವಕೀಲರ ಖರ್ಚಿನ ಚಿಂತೆ ಬಿಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. ಹಾವೇರಿಯ ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಸೈನಿಕರು ಮತ್ತು ಅವರ ಮನೆಯವರಿಗಾಗಿಯೇ ವೀರ್ ಪರಿವಾರ್ ಸಹಾಯತಾ ಯೋಜನೆ 2025ರ ಜುಲೈ 26ರಂದು ಶುರುವಾಗಿದೆ. ಸೈನಿಕ ಮಂಡಳಿಗಳಲ್ಲೇ ಕಾನೂನು ಸಹಾಯ ಕೇಂದ್ರ ತೆರೆಯುವುದು ಅದರ ಉದ್ದೇಶ. ಧಾರವಾಡದ ಸೈನಿಕ ಕಲ್ಯಾಣ ಕಚೇರಿಗೆ ಹೋದಾಗ ಇದರ ಹೆಸರು ಹಿಡಿದು ಕೇಳಿ. ಒಬ್ಬರೇ ಹೋಗಬೇಡಿ, ಓದಲು ಬರುವ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ. ಕೊಟ್ಟ ಪ್ರತಿ ಅರ್ಜಿಗೂ ಸೀಲು ಹಾಕಿದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಪ್ರಶ್ನೆ: ರಜೆಯಲ್ಲಿ ಊರಿಗೆ ಬಂದಾಗ ಬೈಕ್ ಅಪಘಾತದಲ್ಲಿ ಕಾಲು ಹೋಯಿತು. ಆರು ವರ್ಷದ ಸೇವೆ ಆಗಿತ್ತು. 2021ರಲ್ಲಿ ಸೇನೆಯಿಂದ ಕಳಿಸಿದರು. ರಜೆಯೂ ಡ್ಯೂಟಿಯೇ, ಪೆನ್ಶನ್ ಸಿಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?
– ಮಾಜಿ ಸಿಪಾಯಿ, ಬ್ಯಾಡಗಿ

ಉತ್ತರ: ತಮ್ಮಾ, ಇದರಲ್ಲಿ ನಿಮಗೆ ಸುಳ್ಳು ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ. ರಜೆಯಲ್ಲಿದ್ದೆ ಎನ್ನುವುದೊಂದೇ ಸಾಲದು. ಆಗಿದ್ದಕ್ಕೂ ಸೇನೆಯ ಕೆಲಸಕ್ಕೂ ಏನಾದರೂ ನಂಟು ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ರಜೆಗೆಂದು ಯೂನಿಟ್ಟಿನಿಂದ ಊರಿಗೆ ಬರುವ ದಾರಿಯಲ್ಲಿ ಆಗಿದ್ದರೆ ಲೆಕ್ಕ ಬೇರೆ. ರಜೆಯ ಮೇಲೆ ಮನೆಗೆ ಬರುತ್ತಾ ರೈಲಿನಿಂದ ಇಳಿಯುವಾಗ ಗಾಯಗೊಂಡ ಮದನ್ ಸಿಂಗ್ ಶೇಖಾವತ್ ಅವರಿಗೆ 1999ರಲ್ಲಿ ಡಿಸೆಬಿಲಿಟಿ ಪೆನ್ಶನ್ ಸಿಕ್ಕಿತು. ಅಪಘಾತದ ದಿನ, ಜಾಗ, ನಿಮ್ಮ ರಜೆ ಶುರುವಾದ ಮತ್ತು ಮುಗಿಯುವ ತಾರೀಖು, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ರಜೆಯ ಮೊದಲ ದಿನವೋ ಕೊನೆಯ ದಿನವೋ ಆಗಿದ್ದರೆ ವಕೀಲರಿಗೆ ತೋರಿಸಲೇಬೇಕು.

ನಡುವಿನ ದಿನ ಆಗಿದ್ದರೂ ಬೇರೆ ದಾರಿ ಒಂದಿದೆ, ಅದು ನಿಮ್ಮ ಗೆಳೆಯರು ಹೇಳಿರಲಿಕ್ಕಿಲ್ಲ. ಅದರ ಹೆಸರು ಇನ್‌ವ್ಯಾಲಿಡ್ ಪೆನ್ಶನ್. ಇದಕ್ಕೆ ಗಾಯ ಸೇವೆಯಿಂದಲೇ ಆಗಿರಬೇಕು ಎಂದಿಲ್ಲ. ಮುಂಚೆ ಹತ್ತು ವರ್ಷದ ಸೇವೆ ಕೇಳುತ್ತಿದ್ದರು. 2020ರ ಜುಲೈ 16ರಂದು ರಕ್ಷಣಾ ಸಚಿವಾಲಯ ಹೊರಡಿಸಿದ ಪತ್ರದ ಪ್ರಕಾರ, 2019ರ ಜನವರಿ 4ರಂದು ಅಥವಾ ಆಮೇಲೆ ಸೇವೆಯಲ್ಲಿ ಇದ್ದವರಿಗೆ ಹತ್ತು ವರ್ಷಕ್ಕಿಂತ ಕಡಿಮೆ ಸೇವೆ ಇದ್ದರೂ ಅದು ಸಿಗಬಹುದು. ಹೊರಗಿನ ಕೆಲಸಕ್ಕೂ ಶಾಶ್ವತವಾಗಿ ಆಗದಂಥ ಸ್ಥಿತಿ ಇರಬೇಕು ಎಂಬ ಷರತ್ತು ಇದೆ. ನಿಮ್ಮನ್ನು ಕಳಿಸಿದ್ದು 2021ರಲ್ಲಿ. ಹಾಗಾಗಿ ತಾರೀಖಿನ ತೊಡಕು ಇಲ್ಲ. ರೆಕಾರ್ಡ್ ಆಫೀಸಿಗೆ ಬರೆಯುವ ಅರ್ಜಿಯಲ್ಲಿ ಈ ಪತ್ರದ ತಾರೀಖು ಹಾಕಿ ಕೇಳಿ. ಮೆಡಿಕಲ್ ಬೋರ್ಡಿನ ನಡಾವಳಿಯ ಪ್ರತಿ ಕೈಗೆ ಬಂದ ಮೇಲೆ ನನಗೆ ಇನ್ನೊಮ್ಮೆ ಬರೆಯಿರಿ. ಹೊರಗಿನ ಕೆಲಸದ ಬಗ್ಗೆ ಬೋರ್ಡ್ ಏನು ಬರೆದಿದೆ ಎಂದು ನೋಡಿ ಮುಂದಿನದನ್ನು ಹೇಳುತ್ತೇನೆ.